ತಂತಿ ಹೋಯ್ತು ಸರಿ, ಪಂಜರ?

"ಈಗೆಲ್ಲಾ ವೈರ್‌ಲೆಸ್ ಕಣ್ರೀ, ಪ್ರಾಣಿಗಳಿಗೇನೂ ಹಿಂಸೆಯಿಲ್ಲ." ಪ್ರಯೋಗಾಲಯಗಳ ಬಗ್ಗೆ ಮಾತೆತ್ತಿದರೆ ಸಾಕು, ನಮ್ಮವರ ಬಾಯಲ್ಲೂ ಇದೇ ಉತ್ತರ. ಇದನ್ನು ಹಾಗೇ ಒಪ್ಪಿಕೊಳ್ಳಬೇಡಿ.

ಇದರಲ್ಲಿ ನಿಜ ಇಲ್ಲವೆಂದಲ್ಲ. ಹಿಂದೆ ಇಲಿಯ ಇಸಿಜಿ, ಇಇಜಿ ತೆಗೆಯಬೇಕೆಂದರೆ ಅದನ್ನು ಹಿಡಿದು ಕಟ್ಟಬೇಕಿತ್ತು, ಇಲ್ಲವೇ ಮೈಯಿಂದ ತಂತಿ ಎಳೆಯಬೇಕಿತ್ತು. ಹಿಡಿದ ಭಯಕ್ಕೇ ಎದೆಬಡಿತ ಏರಿ ಲೆಕ್ಕ ಕೆಡುತ್ತಿತ್ತು. ಈಗ ಚರ್ಮದಡಿ ಅಥವಾ ಹೊಟ್ಟೆಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಹೊಲಿದರೆ ಸಂಕೇತಗಳು ರೇಡಿಯೋ ಮೂಲಕ ಬರುತ್ತವೆ.

ಆದರೆ ಅದಕ್ಕೂ ಶಸ್ತ್ರಚಿಕಿತ್ಸೆ ಬೇಕು. ಸಾಲದ್ದಕ್ಕೆ, ಒಂದೇ ಫ್ರೀಕ್ವೆನ್ಸಿಯ ಟ್ರಾನ್ಸ್‌ಮಿಟರುಗಳ ಸಂಕೇತ ಕಲಸಿಹೋಗುತ್ತೆ ಅಂತ ಒಂದೊಂದು ಇಲಿಯನ್ನೂ ಒಂಟಿಯಾಗಿ ಇಡೋದು ರೂಢಿಯಾಯ್ತು. ಇಲಿ ಗುಂಪಿನಲ್ಲಿ ಬದುಕುವ ಜೀವ. ಬೇರೆ ಬೇರೆ ಫ್ರೀಕ್ವೆನ್ಸಿಯ ಉಪಕರಣಗಳು ಬಂದಮೇಲೂ ಅದನ್ನು ಒಂಟಿಯಾಗಿಡೋಕೆ ಏನು ನೆಪ?

ಇದು ಬರೀ ಕರುಣೆಯ ಮಾತಲ್ಲ, ವಿಜ್ಞಾನದ್ದೂ ಹೌದು. ಸೆರೆಯಲ್ಲಿದ್ದ ಸ್ಲಾತ್‌ಗಳನ್ನು ನೋಡಿ, ಅವು ದಿನಕ್ಕೆ ಹತ್ತಿರ ಹತ್ತಿರ 16 ಗಂಟೆ ನಿದ್ದೆ ಮಾಡುತ್ತವೆ ಅಂತ ನಂಬಿದ್ದರು. ನೀಲ್ಸ್ ರಾಟನ್‌ಬೋರ್ಗ್ ಮತ್ತು ಸಂಗಡಿಗರು ಪನಾಮಾದ ಕಾಡಿನಲ್ಲೇ ಸ್ಲಾತ್‌ಗಳ ತಲೆಗೆ ಪುಟ್ಟ ಇಇಜಿ ರೆಕಾರ್ಡರ್ ಕಟ್ಟಿ ಅಳೆದರು. 2008ರಲ್ಲಿ ಪ್ರಕಟವಾದ ಉತ್ತರ: 10 ಗಂಟೆಗೂ ಕಡಿಮೆ! ತಂತಿಯಿಲ್ಲದ ಉಪಕರಣದ ನಿಜವಾದ ಉಪಯೋಗ ಅದು. ಅದೇ ಉಪಕರಣವನ್ನು ಬರಿ ಪೆಟ್ಟಿಗೆಯೊಳಗಿನ ಒಂಟಿ ಇಲಿಗೆ ಹಾಕಿದರೆ ನಾವು ಅಳೆಯುವುದು ಇಲಿಯನ್ನೋ, ಪೆಟ್ಟಿಗೆಯನ್ನೋ?

ಇನ್ನು ಅಮೆರಿಕದಲ್ಲಿರುವ ನಾವು ಕೇಳಲೇಬೇಕಾದ ಪ್ರಶ್ನೆ. ಇಲ್ಲಿಯ ಪ್ರಾಣಿ ಕಲ್ಯಾಣ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸಂಶೋಧನೆಗೆಂದೇ ಸಾಕಿದ ಇಲಿ, ಚಿಟ್ಟಿಲಿ, ಹಕ್ಕಿಗಳು "ಪ್ರಾಣಿ"ಗಳೇ ಅಲ್ಲ! ಸರ್ಕಾರದ ಅನುದಾನ ಪಡೆಯುವ ಕಡೆ ಬೇರೆ ನಿಯಮಗಳಿವೆ, ನಿಜ. ಆದರೂ ಕೃಷಿ ಇಲಾಖೆಯ ವಾರ್ಷಿಕ ಲೆಕ್ಕದಲ್ಲಿ ಇವುಗಳ ಸುದ್ದಿಯೇ ಇಲ್ಲ. ಯುರೋಪಿನ ಒಕ್ಕೂಟ ಇಲಿಗಳನ್ನೂ ಎಣಿಸುತ್ತದೆ. ಇಲಿಯ ಒಂದೊಂದು ಎದೆಬಡಿತವನ್ನೂ ಎಣಿಸಬಲ್ಲ ದೇಶಕ್ಕೆ ಇಲಿಗಳನ್ನೇ ಎಣಿಸೋಕೆ ಆಗಲ್ವಾ?

ನಿಮ್ಮಲ್ಲಿ ಎಷ್ಟೋ ಜನ ಔಷಧ ಕಂಪನಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಇದ್ದೀರಿ. ಪ್ರಯೋಗ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ನಮ್ಮ ಮಾತ್ರೆಗಳ ಹಿಂದೆ ಈ ಜೀವಗಳಿವೆ. ಮುಂದಿನ ಸಲ ಯಾರಾದರೂ "ವೈರ್‌ಲೆಸ್" ಅಂದಾಗ ಮೂರೇ ಪ್ರಶ್ನೆ ಕೇಳಿ: ಜೊತೆಗಾರ ಇಲಿ ಇದೆಯಾ? ಗೂಡು ಕಟ್ಟೋಕೆ ಏನಾದರೂ ಕೊಟ್ಟಿದ್ದೀರಾ? ಒಟ್ಟು ಎಷ್ಟು ಇಲಿ ಬಳಸಿದಿರಿ, ಅದನ್ನು ಎಲ್ಲಿ ಪ್ರಕಟಿಸಿದಿರಿ?