‘ಲಸ್ನ’ಕ್ಕೂ ಲಗ್ನಕ್ಕೂ ಗಂಟು ಹಾಕ್ಬೇಡಿ ಸ್ವಾಮಿ

ಲೋಜ್ಬಾನ್ ಅಂತ ಒಂದು ಭಾಷೆ ಇದೆ. ಯಾವ ನಾಡಿನ ಮಾತೂ ಅಲ್ಲ, ಕೂತು ಕಟ್ಟಿದ್ದು. ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಶುರು ಮಾಡಿದ ಲೋಗ್ಲಾನ್‌ನಿಂದ ಒಡೆದು 1987ರಲ್ಲಿ ಬೇರೆ ಮನೆ ಮಾಡಿದ್ದು. ವಾಕ್ಯರಚನೆಯಲ್ಲಿ ಎರಡರ್ಥಕ್ಕೆ ಜಾಗವೇ ಇಲ್ಲ, ಹಾಗಾಗಿ ನನ್ನಂಥ ಕೋಡ್ ಕುಟ್ಟೋರಿಗೆ ಅದರ ಮೇಲೆ ಒಂಥರಾ ಮೋಹ. ಅದರಲ್ಲಿ ಕಟ್ಟು, ಬಿಗಿ, ಜೋಡಿಸು ಎಲ್ಲಕ್ಕೂ ‘ಲಸ್ನ’.

ಟೀ ಹೊತ್ತಲ್ಲಿ ಇದನ್ನ ಬಾಯಿಬಿಟ್ಟಿದ್ದೇ ತಪ್ಪಾಯ್ತು. "ಅದು ಸಂಸ್ಕೃತದ ಲಗ್ನ ಕಣೋ! ಲಗ್ನ ಅಂದ್ರೆ ಅಂಟಿಕೊಂಡಿದ್ದು. ಎಲ್ಲಾ ನಮ್ಮಿಂದಲೇ ಹೋಗಿದ್ದು" ಅಂದ ಗೆಳೆಯ. ಪಕ್ಕದವನು ಬಿಟ್ಟಾನಾ? "ಇಂಗ್ಲಿಷಿನ ಫಾಸನ್" ಅಂದ.

ಅಯ್ಯಾ, ಈ ಪದಕ್ಕೆ ತಾಯಿ ಇಲ್ಲ, ಓಟು ಇದೆ. ಚೀನೀ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರಬ್ಬೀ ಪದಗಳನ್ನ ಕಂಪ್ಯೂಟರಿಗೆ ಹಾಕಿ, ಹೊಸ ಪದದ ಎಷ್ಟು ಅಕ್ಷರ ಅದೇ ಸಾಲಲ್ಲಿ ಸಿಗುತ್ತೆ ಅಂತ ಎಣಿಸಿ, ಮೂಲಪದದ ಉದ್ದದಿಂದ ಭಾಗಿಸಿ, ಮಾತಾಡೋರ ಸಂಖ್ಯೆಯ ತೂಕದಿಂದ ಗುಣಿಸಿದರು. ಚೀನೀಗೆ 0.36, ಇಂಗ್ಲಿಷಿಗೆ 0.21, ಹಿಂದಿಗೆ 0.16. ಗೆಳೆಯನ ವಾದಕ್ಕೆ ಹತ್ತಿರದ್ದು ಅಂತ ಹಿಂದಿಯ ‘ಲಗ್‌ನಾ’ ಹಾಕಿ ನೋಡಿ: ಐದರಲ್ಲಿ ನಾಲ್ಕು ಅಕ್ಷರ ಕೂಡುತ್ತೆ, ಸಿಗೋದು 0.128. ‘ಫಾಸನ್’ಗೆ ಸುಮಾರು 0.158. ಜೋಡಿಸು ಅನ್ನೋ ಅರ್ಥದ ಚೀನೀ ‘ಲಿಯಾನ್’ ಹಾಕಿದರೆ 0.27! ಹಾಗಂತ ಇದು ಚೀನೀ ಪದ ಅಂತೀರಾ? ಮಿಕ್ಸಿಗೆ ಹಾಕಿ ರುಬ್ಬಿದ ಚಟ್ನೀಲಿ ಕೊಬ್ಬರಿ ಯಾರ ತೋಟದ್ದು ಅಂತ ಜಗಳ.

ನನ್ನ ಹೊಟ್ಟೆಯುರಿ ಬೇರೆ ಇದೆ. ಇದನ್ನ ‘ಎಲ್ಲ ಸಂಸ್ಕೃತಿಗಳಿಗೂ ಸಮ’ ಅಂತ ಹೊಗಳ್ತಾರಲ್ಲ, ಆ ಆರರಲ್ಲಿ ಕನ್ನಡ, ತಮಿಳು, ತೆಲುಗು ಒಂದೂ ಇಲ್ಲ. ದ್ರಾವಿಡ ಭಾಷೆಗಳ ತೂಕ ನೆಟ್ಟಗೆ ಸೊನ್ನೆ. ತಲೆ ಎಣಿಸಿದ್ರೆ ನಾವು ಮೊದಲ ಆರಕ್ಕೆ ಬರಲ್ಲ, ಒಪ್ಪಿದೆ. ಆದ್ರೆ ಬಹುಮತಕ್ಕೆ ಸಮಾನತೆ ಅಂತ ಹೆಸರಿಡಬೇಡಿ. ಇಷ್ಟಾದ್ರೂ ನಮ್ಮೋರು ‘ಎಲ್ಲಾ ನಮ್ಮಿಂದಲೇ’ ಅಂತ ಬೀಗ್ತಾರೆ, ಕನ್ನಡ ಎಲ್ಲಿ ಅಂತ ಕೇಳಲ್ಲ.

ತಮಾಷೆ ನೋಡಿ. ‘ಲಸ್ನ’ಕ್ಕೆ ನಾಲ್ಕು ಆರ್ಗ್ಯುಮೆಂಟ್: ಯಾರು, ಯಾವುದನ್ನ, ಯಾವುದಕ್ಕೆ, ಯಾವುದರಿಂದ. ಕ್ರಮ ಬದಲಿಸಬೇಕಾದ್ರೆ ಅದಕ್ಕೇ ಬೇರೆ ಗುರುತಿನ ಪದ ಸೇರಿಸಬೇಕು. ನಮ್ಮಜ್ಜಿ "ಗೂಟಕ್ಕೆ ಹಗ್ಗದಿಂದ ಹಸೂನ ಅವನು ಕಟ್ಟಿದ" ಅಂದ್ರೂ ಸರಿ, ಪೂರ್ತಿ ತಿರುಗಿಸಿ ಅಂದ್ರೂ ಸರಿ, ಹಸು ಗೂಟದಲ್ಲೇ ಇರುತ್ತೆ.