ಹಗ್ಗ ಬಿಗಿಯುವ ಮುನ್ನ

ಗದ್ದೆಯಲ್ಲಿ ಕಳೆ ಕೀಳುತ್ತಿದ್ದವನನ್ನು ಕೊಳಕುಮಂಡಲ ಕಚ್ಚಿತೆನ್ನಿ. ನೆರೆದವರು ಕಾಲಿಗೆ ಹಗ್ಗ ಬಿಗಿಯುತ್ತಾರೆ, ಗಾಯವನ್ನು ಕೊಯ್ಯುತ್ತಾರೆ. ಅವರ ಕಳಕಳಿ ನಿಜವಾದುದೇ. ಆದರೆ ಬಿಗಿದ ಹಗ್ಗದಿಂದ ರಕ್ತಸಂಚಾರ ನಿಂತು ಕಾಲೇ ಕೊಳೆಯಬಹುದು. ಈ ಹಾವಿನ ವಿಷವೋ ರಕ್ತವನ್ನು ಹೆಪ್ಪುಗಟ್ಟಗೊಡದು. ಕೊಯ್ದ ಗಾಯದಿಂದ ಅದು ಹರಿಯುತ್ತಲೇ ಹೋದೀತು.

ಆದುದರಿಂದ ಹಳ್ಳಿಯ ಸ್ವಯಂಸೇವಕರಿಗೆ ಮಾಡಬಾರದ್ದನ್ನೇ ಮೊದಲು ಕಲಿಸಬೇಕು. ಉಳಿದುದು ಸರಳ: ಧೈರ್ಯ ಹೇಳುವುದು, ನಡೆಯಗೊಡದಿರುವುದು, ಕಾಲು ಅಲುಗದಂತೆ ಸಡಿಲವಾಗಿ ದಬ್ಬೆ ಕಟ್ಟುವುದು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸುವುದು. ವಿಷವನ್ನು ಇಳಿಸುವುದು ಅಲ್ಲಿಯ ಪ್ರತಿವಿಷವೇ ಹೊರತು ಮಂತ್ರವಲ್ಲ.

ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ತಪ್ಪದೆ ವರದಿಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ವಿಧಿಸಿತು. ಆದರೆ ಆಸ್ಪತ್ರೆಯವರೆಗೆ ಒಯ್ಯಬೇಕಾದವನು ನೆರೆಹೊಲದವನೇ. ಸುಗ್ಗಿಗೋ ಜಾತ್ರೆಗೋ ಊರಿಗೆ ಹೊರಡುವ ವಾಚಕರು ಸಿಹಿತಿಂಡಿಯ ಪೊಟ್ಟಣದೊಡನೆ ಈ ನಾಲ್ಕು ಮಾತುಗಳನ್ನೂ ಕೊಂಡೊಯ್ಯಲಿ.