ಬೂಟ್ ಆಗುವ ಮೊದಲೇ ನಡೆಯುವ ರಾಜಕಾರಣ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಂತಿತು. ಮುಂದಿನ ವಾರವೇ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. "ಮಾಮ, ವಿಂಡೋಸ್ 11 ಇದಕ್ಕೆ ಬರಲ್ವಂತೆ. ಅಂಗಡಿಯವ್ರು ಹೊಸದು ತಗೋ ಅಂತಾರೆ." ಕೀಬೋರ್ಡಿನಲ್ಲಿ ಎರಡು ಅಕ್ಷರ ಮಾಸಿರೋದು ಬಿಟ್ಟರೆ ಅದಕ್ಕೇನೂ ಆಗಿಲ್ಲ. ಟಿಪಿಎಂ 2.0 ಇಲ್ಲ, ಪ್ರೊಸೆಸರ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿಲ್ಲ. ಇಷ್ಟಕ್ಕೇ ಅದು ಕಸ!

ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದವು, ಅಲ್ಲಿನವರಿಗೆ ಇನ್ನೊಂದು ವರ್ಷದ ಅಪ್‌ಡೇಟ್ ಪುಕ್ಕಟೆ ಸಿಕ್ಕಿತು. ನಮಗೆ? 30 ಡಾಲರ್ ಅಥವಾ ಅದಕ್ಕೆ ಸಮನಾದ ದುಡ್ಡು ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗ್ಸ್ ಅವರ ಕ್ಲೌಡಿಗೆ ಒಪ್ಪಿಸಿ, ಅದೂ ಬೇಡವೆಂದರೆ ಅವರದೇ ರಿವಾರ್ಡ್ಸ್ ಪಾಯಿಂಟ್ ಕೂಡಿಡಿ.

ನಾವು ಉಬುಂಟು ಹಾಕಿದೆವು. ಅಪ್‌ಡೇಟ್ ಎಲ್ಲ ಮುಗಿಸಿ ರೀಸ್ಟಾರ್ಟ್ ಮಾಡಿದರೆ ಪರದೆ ಪೂರ್ತಿ ಕಪ್ಪು. ಹುಡುಗನ ಮುಖವೂ.

ಲಿನಕ್ಸ್ ಕಡೆಗೆ ಬಂದ ಎಷ್ಟೋ ಜನ ವಾಪಸ್ ಹೋಗೋದು ಇಲ್ಲೇ. ಮದ್ದು ಮಾತ್ರ ಒಂದೇ ಪದದ್ದು. ಯಂತ್ರ ಆನ್ ಆದಾಗ ಫರ್ಮ್‌ವೇರ್ ಆದ ಮೇಲೆ ಎದ್ದೇಳೋದು ಬೂಟ್‌ಲೋಡರ್. ಉಬುಂಟುವಿನಲ್ಲಿ ಅದರ ಹೆಸರು ಗ್ರಬ್. ಕರ್ನಲನ್ನು ಮೆಮೊರಿಗೆ ತಂದು, ಕಿವಿಯಲ್ಲಿ ನಾಲ್ಕು ಮಾತು ಹೇಳಿ ಕೆಲಸಕ್ಕೆ ಬಿಡೋದು ಅದರ ಕೆಲಸ. ಆ ನಾಲ್ಕು ಮಾತನ್ನು ನಾವೂ ತಿದ್ದಬಹುದು. ಆನ್ ಆಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿದರೆ ಮೆನು ಬರುತ್ತೆ. ಅಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ, ಕಂಟ್ರೋಲ್-ಎಕ್ಸ್ ಒತ್ತಿದೆವು. ಗ್ರಾಫಿಕ್ಸ್ ಡ್ರೈವರ್ ತಂಟೆಗೆ ಹೋಗಬೇಡ, ಫರ್ಮ್‌ವೇರ್ ಕೊಟ್ಟ ಸಾದಾ ಪರದೆಯಲ್ಲೇ ನಡೆಸು ಅಂತ ಅದರರ್ಥ. ಡೆಸ್ಕ್‌ಟಾಪ್ ಬಂತು. ಈ ತಿದ್ದುಪಡಿ ಆ ಒಂದು ಬಾರಿಗೆ ಮಾತ್ರ. ಕಾಯಂ ಆಗಬೇಕಿದ್ದರೆ ಗ್ರಬ್ ಫೈಲಿನಲ್ಲಿ ಬರೆದು 'ಅಪ್‌ಡೇಟ್-ಗ್ರಬ್' ಓಡಿಸಬೇಕು. ನಮಗೆ ಅದು ಬೇಕಾಗಲಿಲ್ಲ, ಸರಿಯಾದ ಡ್ರೈವರ್ ಹಾಕಿದ ಮೇಲೆ ಕರ್ನಲಿಗೆ ಏನೂ ಹೇಳದೆಯೇ ಪರದೆ ಬಂತು.

ಆದರೆ ಗ್ರಬ್‌ಗಿಂತ ಕೆಳಗೆ ಇನ್ನೊಂದು ಬಾಗಿಲಿದೆ, ಸೆಕ್ಯೂರ್ ಬೂಟ್. ಸಹಿ ಇರುವ ಬೂಟ್‌ಲೋಡರ್ ಮಾತ್ರ ಒಳಗೆ. ಸಹಿ ಯಾರದು? ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಯಂತ್ರಗಳಲ್ಲಿ ಕೂತಿರೋದು ಮೈಕ್ರೋಸಾಫ್ಟ್ ಕೀಲಿ. ಹಾಗಾಗಿ ದೊಡ್ಡ ಲಿನಕ್ಸ್ ವಿತರಣೆಗಳು 'ಶಿಮ್' ಎಂಬ ಪುಟ್ಟ ಪ್ರೋಗ್ರಾಮಿಗೆ ಅವರಿಂದಲೇ ಸಹಿ ಹಾಕಿಸಿಕೊಂಡು ಬರುತ್ತವೆ. ಪ್ರತಿಸ್ಪರ್ಧಿಯ ಮನೆ ಬಾಗಿಲಲ್ಲಿ ಗೇಟ್ ಪಾಸ್! 2024ರ ಆಗಸ್ಟ್‌ನಲ್ಲಿ ಇದರ ಬಿಸಿ ಮುಟ್ಟಿತು. ಹಳೆಯ, ದೋಷವಿದ್ದ ಗ್ರಬ್‌ಗಳನ್ನು ತಡೆಯಲು ಬಂದ ಒಂದು ವಿಂಡೋಸ್ ಅಪ್‌ಡೇಟಿನಿಂದ, ಎರಡೂ ಇಟ್ಟುಕೊಂಡಿದ್ದ ಅನೇಕರ ಯಂತ್ರದಲ್ಲಿ ಲಿನಕ್ಸ್ ಏಳಲೇ ಇಲ್ಲ. ಡ್ಯುಯಲ್ ಬೂಟ್ ಯಂತ್ರಗಳಿಗೆ ಇದು ತಟ್ಟುವುದಿಲ್ಲ ಎಂದು ಕಂಪನಿ ಮೊದಲು ಹೇಳಿತ್ತು.

ಸೆಕ್ಯೂರ್ ಬೂಟೇ ಪಿತೂರಿ ಅನ್ನುವವನು ನಾನಲ್ಲ. ಬೂಟ್‌ಲೋಡರ್ ಹಂತದಲ್ಲೇ ಕೂರುವ ಮಾಲ್‌ವೇರ್ ನಿಜ. ಪಾಸ್‌ವರ್ಡ್ ಇಲ್ಲದ ಗ್ರಬ್ ಮೆನುವಿನಲ್ಲಿ ನಾನು ಸೇರಿಸಿದ ಹಾಗೇ ಬೇರೊಬ್ಬ ಇನ್ನೇನೋ ಸೇರಿಸಿ, ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ ನೇರ ರೂಟ್ ಆಗಿಬಿಡಬಹುದು. ಬೀಗ ಬೇಕು. ಕೀಲಿಕೈ ಯಾರ ಹತ್ತಿರ ಅನ್ನೋದೇ ಜಗಳ. ವಿಂಡೋಸ್ 8ರ ಕಾಲದಲ್ಲಿ, ಪಿಸಿಗಳಲ್ಲಿ ಇದನ್ನು ಆಫ್ ಮಾಡುವ ಸೌಲಭ್ಯ ಇರಲೇಬೇಕೆಂಬ ನಿಯಮವಿತ್ತು. ವಿಂಡೋಸ್ 10ರೊಂದಿಗೆ ಅದು ತಯಾರಕರ ಇಷ್ಟಕ್ಕೆ ಬಿಟ್ಟ ಮಾತಾಯಿತು. ಯಾವ ಸಂಸತ್ತಿನಲ್ಲೂ ಚರ್ಚೆಯಾಗದೆ ನಮ್ಮ ಹಕ್ಕೊಂದು ಸೆಟ್ಟಿಂಗ್ ಆಗಿಹೋಯ್ತು.

ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಸುತ್ತಿವೆ. ನಮ್ಮ ರಾಜ್ಯವೂ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚುತ್ತದೆ. ಸೆಕ್ಯೂರ್ ಬೂಟ್ ಕೀಲಿಯನ್ನು ಯಂತ್ರ ಪಡೆದವರೇ ಬದಲಿಸುವಂತಿರಬೇಕು ಅಂತ ಟೆಂಡರಿನಲ್ಲಿ ಒಂದು ಸಾಲು ಸೇರಿಸೋದಕ್ಕೆ ಖಜಾನೆಯಿಂದ ಎಷ್ಟು ಖರ್ಚಾಗುತ್ತೆ? ಸದನದಲ್ಲಿ ಯಾರಾದರೂ ಒಬ್ಬ ಶಾಸಕರು ಇದನ್ನು ಕೇಳಲಿ ಅಂತ ನನ್ನಾಸೆ. ಹುಡುಗ ಮಾತ್ರ ಆಗಲೇ ಕ್ಲಾಸಿನ ಇನ್ನಿಬ್ಬರ ಲ್ಯಾಪ್‌ಟಾಪ್ ತರ್ತೀನಿ ಅಂದಿದ್ದಾನೆ.